ಕೂದಲು ಹೇಳುವುದು ಮೂರು ತಿಂಗಳ ಹಿಂದಿನ ಸುದ್ದಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೂದಲಿನದ್ದೇ. ಮಳೆಗಾಲ ಕಳೆದ ಮೇಲೆ ಇಂಥ ಪತ್ರ ಜಾಸ್ತಿ. ಯಾಕೆ ಅಂತ ಮೊದಲನೇ ಉತ್ತರ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ನನಗೆ 36 ವರ್ಷ. ದೀಪಾವಳಿ ಆದಾಗಿನಿಂದ ಕೂದಲು ಕಂತೆ ಕಂತೆ ಉದುರುತ್ತಿದೆ. ಬಚ್ಚಲಲ್ಲಿ ನೀರು ಹೋಗುವ ತೂತೇ ಕಟ್ಟಿಕೊಳ್ಳುತ್ತದೆ. ನಾಲ್ಕು ಥರದ ಎಣ್ಣೆ ಬದಲಾಯಿಸಿದೆ. ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಗಂಟು ಇರುತ್ತದೆ, ಬೇರೇ ಕಿತ್ತು ಬಂದಿದೆ, ಇನ್ನು ಹುಟ್ಟಲ್ಲ ಅಂತ ಪಾರ್ಲರಿನವರು ಹೇಳಿದರು. ನಮ್ಮತ್ತೆ ದೃಷ್ಟಿ ತೆಗೆದರು. ಗೌರಿ ಹಬ್ಬದ ಹೊತ್ತಿಗೆ ಡೆಂಗ್ಯೂ ಆಗಿ ಐದು ದಿನ ಆಸ್ಪತ್ರೆಯಲ್ಲಿದ್ದೆ, ಆಮೇಲೆ ಚೆನ್ನಾಗೇ ಇದ್ದೇನೆ. ಮುಟ್ಟು ಎಂಟು ದಿನ ಇರುತ್ತದೆ, ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಅಷ್ಟೇ.
– ಓದುಗರೊಬ್ಬರು, ಮಂಡ್ಯ

ಉತ್ತರ: ತಂಗಿ, ನೀವು 'ಅಷ್ಟೇ' ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ನನಗೆ ಮುಖ್ಯವಾಗಿ ಕಂಡದ್ದು ಅದೇ ಸಾಲುಗಳು.

ಮೊದಲು ಆ ಬಿಳಿ ಗಂಟಿನ ಭಯ ಬಿಡಿ. ಅದು ಬೇರಲ್ಲ. ಬೆಳೆಯುವುದನ್ನು ನಿಲ್ಲಿಸಿದ ಕೂದಲಿನ ತುದಿ ಹಾಗೆ ಗಂಟು ಕಟ್ಟುತ್ತದೆ. ಬೇರು ಚರ್ಮದ ಒಳಗೇ ಇರುತ್ತದೆ, ಮತ್ತೆ ಕೂದಲು ಹುಟ್ಟಿಸುತ್ತದೆ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದೊಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಮೂರು ತಿಂಗಳು ಸುಮ್ನೆ ಕೂತಿದ್ದು ಉದುರುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಕಾಯಿಲೆಯೇ ಅಲ್ಲ. ಆದರೆ ಜೋರು ಜ್ವರ ಬಂದಾಗ ದೇಹಕ್ಕೆ ಕೂದಲು ಬೆಳೆಸುವ ಪುರುಸೊತ್ತು ಎಲ್ಲಿರುತ್ತದೆ ಹೇಳಿ, ಜೀವ ಉಳಿದರೆ ಸಾಕು ಅಂತ ಆ ಕೆಲಸ ನಿಲ್ಲಿಸುತ್ತದೆ, ಬೆಳೆಯುತ್ತಿದ್ದ ಕೂದಲಲ್ಲಿ ಎಷ್ಟೋ ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಒಟ್ಟಿಗೆ ಹೋದವು ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಗೌರಿ ಹಬ್ಬಕ್ಕೆ ಜ್ವರ, ದೀಪಾವಳಿಗೆ ಕೂದಲು. ಲೆಕ್ಕ ಸರಿಯಾಗಿದೆ ಅಲ್ವಾ?

ಡೆಂಗ್ಯೂ, ಟೈಫಾಯಿಡ್, ಕೋವಿಡ್, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಮನೆಯಲ್ಲೊಂದು ಸಾವು, ಎಲ್ಲದರಲ್ಲೂ ಹೀಗಾಗಬಹುದು. ನನ್ನ ಮಗಳು ಹುಟ್ಟಿ ನಾಲ್ಕನೇ ತಿಂಗಳಲ್ಲಿ ನನಗೂ ಆಗಿತ್ತು. ಕಾರಣ ಗೊತ್ತಿದ್ದರೂ ಬಾಚಣಿಗೆ ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು. ಹಾಗಾಗಿ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ! ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು 1 ಸೆಂಟಿಮೀಟರ್, ಆದ್ದರಿಂದ ಜಡೆ ಮೊದಲಿನ ದಪ್ಪಕ್ಕೆ ಬರಲು ವರ್ಷವೇ ಬೇಕು. ಹಣೆಯ ಅಂಚಲ್ಲಿ ಪುಟ್ಟ ಪುಟ್ಟ ಹೊಸ ಕೂದಲು ನಿಂತಿದ್ದರೆ ಅದು ಒಳ್ಳೆಯ ಲಕ್ಷಣ.

ಆದರೆ ಜ್ವರದ ಮೇಲೆ ಎಲ್ಲ ಹೊರಿಸಿ ಸುಮ್ಮನಾಗಬೇಡಿ. ಎಂಟು ದಿನದ ಮುಟ್ಟು, ಏದುಸಿರು, ಇವೆರಡೂ ರಕ್ತ ಕಡಿಮೆ ಇರಬಹುದು ಅನ್ನುತ್ತಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಅನ್ನೋ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಫೆರಿಟಿನ್ ಅಂದರೆ ದೇಹದ ಕಣಜದಲ್ಲಿ ಕೂಡಿಟ್ಟಿರುವ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಾಗೇ ಇದ್ದು ಕಣಜ ಮಾತ್ರ ಬರಿದಾಗಿರುವ ಹೆಂಗಸರನ್ನು ನಾನು ಎಷ್ಟೋ ನೋಡಿದ್ದೇನೆ.

'ದಿನಾ ಮುದ್ದೆ ತಿನ್ನುತ್ತೇನೆ, ನನಗೆಲ್ಲಿ ರಕ್ತ ಕಡಿಮೆ' ಅಂತ ನಮ್ಮ ಕಡೆ ಕೇಳುತ್ತಾರೆ. ರಾಗಿ ಬಹಳ ಒಳ್ಳೆಯದು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣ ಮಾತ್ರ 4–5 ಮಿಲಿಗ್ರಾಂ ಅಷ್ಟೇ, ಅದರಲ್ಲೂ ದೇಹಕ್ಕೆ ಹತ್ತುವುದು ಸ್ವಲ್ಪ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಬಸ್ಸಾರಿನ ಸೊಪ್ಪು ಕಾಳಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಮಾಂಸ ತಿನ್ನುವವರಾದರೆ ಇನ್ನೂ ಸುಲಭ, ಮಟನ್, ಲಿವರ್‌ನಲ್ಲಿರುವ ಕಬ್ಬಿಣ ಬೇಗ ಹತ್ತುತ್ತದೆ. ಊಟ ಆದ ತಕ್ಷಣ ಟೀ, ಕಾಫಿ ಬೇಡ, ಒಂದು ಗಂಟೆ ಬಿಡಿ. ಕೊರತೆ ಜಾಸ್ತಿ ಇದ್ದರೆ ಊಟದಿಂದಷ್ಟೇ ತುಂಬುವುದಿಲ್ಲ, ಡಾಕ್ಟರು ಮಾತ್ರೆ ಕೊಡುತ್ತಾರೆ. ಮಲ ಕಪ್ಪಗಾಯಿತು ಅಂತ ಹೆದರಿ ಮಾತ್ರೆ ಬಿಡಬೇಡಿ, ಅದು ಕಬ್ಬಿಣದ ಬಣ್ಣ. ಎಂಟು ದಿನ ರಕ್ತ ಯಾಕೆ ಹೋಗುತ್ತಿದೆ ಅಂತ ಹೆಂಗಸರ ಡಾಕ್ಟರಿಗೂ ತೋರಿಸಿ. ಸೋರುವ ಕೊಡಕ್ಕೆ ಎಷ್ಟು ನೀರು ತುಂಬಿದರೇನು?

ಪ್ರಶ್ನೆ: ನಾನು ಮದ್ದೂರು ಕಡೆಯವಳು, ಮೈಸೂರಿನ ಹಾಸ್ಟೆಲ್‌ನಲ್ಲಿ ಇದ್ದೇನೆ, 20 ವರ್ಷ. ನೀರು ಬದಲಾಗಿ ಕೂದಲು ಹಾಳಾಯಿತು ಅಂತ ಎಲ್ಲರೂ ಹೇಳುತ್ತಾರೆ. ಏಳೆಂಟು ಬಿಳಿ ಕೂದಲೂ ಬಂದಿವೆ. ನಾವು ಮೊಟ್ಟೆ ಮಾಂಸ ತಿನ್ನಲ್ಲ. ಫ್ರೆಂಡ್ಸ್ ಹೇಳಿದರು ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಶುರು ಮಾಡಿದ್ದೇನೆ.

ಉತ್ತರ: ಗಡಸು ನೀರಿನಿಂದ, ಅದರಲ್ಲೂ ಬೋರ್‌ವೆಲ್ ನೀರಿನಿಂದ, ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಮಧ್ಯದಲ್ಲಿ ತುಂಡಾಗುತ್ತದೆ. ಬುಡದಿಂದ ಉದುರುವುದಕ್ಕೆ ನೀರು ಕಾರಣ ಅಲ್ಲ. ಉದುರಿದ್ದರಲ್ಲಿ ಹತ್ತು ಕೂದಲು ಬಿಳಿ ಕಾಗದದ ಮೇಲಿಟ್ಟು ನೋಡಮ್ಮ. ಗಂಟಿಲ್ಲದ ತುಂಡುಗಳೇ ಜಾಸ್ತಿ ಇದ್ದರೆ ನೀರು, ಶಾಂಪೂ, ಸ್ಟ್ರೇಟ್ನಿಂಗ್ ಇವುಗಳ ಕಡೆ ನೋಡು. ಗಂಟಿರುವುದೇ ಜಾಸ್ತಿ ಅಂದರೆ ಕಾರಣ ಒಳಗಿದೆ. ಹಾಸ್ಟೆಲ್ ಸೇರಿದ ಮೇಲೆ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದೀಯಾ? ಎಷ್ಟು ಕೆಜಿ ಇಳಿದಿದ್ದೀಯ? ಇದನ್ನು ನೀನೇ ಕೇಳಿಕೋ.

ಬಿಳಿ ಕೂದಲು ಹೆಚ್ಚಾಗಿ ಮನೆತನದಿಂದಲೇ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಬೇಗ ಬಂದಿತ್ತಾ ಕೇಳು. ಆದರೂ 25ರೊಳಗೆ ಬಂದರೆ, ಅದರಲ್ಲೂ ಬರೀ ಸಸ್ಯಾಹಾರಿಗಳಾದರೆ, ನಾನು ವಿಟಮಿನ್ ಬಿ12 ಮತ್ತು ಥೈರಾಯಿಡ್ ನೋಡಿಸುತ್ತೇನೆ. ಸೊಪ್ಪು, ತರಕಾರಿ, ಕಾಳಲ್ಲಿ ಬಿ12 ಇಲ್ಲ. ನಿಮ್ಮಂಥವರಿಗೆ ಸಿಗುವುದು ಹಾಲು, ಮೊಸರು, ಪನೀರಲ್ಲೇ. ಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಇದ್ದರೆ ತಡ ಮಾಡಬೇಡ. ಕಾಲೇಜಿನ ಪರೀಕ್ಷೆ ಮುಗಿಯಲಿ ಅಂತ ಕಾಯುವುದೂ ಬೇಡ.

ಬಯೋಟಿನ್ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ 10 ಮಿಲಿಗ್ರಾಂ ಇರುತ್ತದೆ, ಅಂದರೆ 250 ಪಟ್ಟು ಅಥವಾ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಊಟ ಮಾಡುವ ಯಾರಿಗೂ ಬಯೋಟಿನ್ ಕೊರತೆ ಆಗುವುದು ತೀರಾ ಅಪರೂಪ. ಈ ಮಾತ್ರೆ ರಕ್ತ ಪರೀಕ್ಷೆಯ ರಿಪೋರ್ಟನ್ನೂ ಕೆಡಿಸುತ್ತದೆ. ಥೈರಾಯಿಡ್ ಕಡಿಮೆ ಇರುವವರಿಗೂ ಸರಿ ಇದೆ ಅಂತಲೋ ಜಾಸ್ತಿ ಇದೆ ಅಂತಲೋ ತೋರಿಸಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ 2017ರಲ್ಲೇ ಎಚ್ಚರಿಸಿದೆ. ಪರೀಕ್ಷೆಗೆ ಹೋಗುವ ಕೆಲವು ದಿನ ಮೊದಲೇ ನಿಲ್ಲಿಸು, ತಗೊಳ್ತಿದ್ದೆ ಅಂತ ಡಾಕ್ಟರಿಗೆ ಹೇಳು.

ಪ್ರಶ್ನೆ: 47 ವರ್ಷ, ಮೈಸೂರು. ಕೂದಲು ನಾರಿನ ಥರ ಒಣಗಿದೆ. ಹುಬ್ಬಿನ ಹೊರತುದಿ ತೆಳ್ಳಗಾಗಿದೆ. ವಯಸ್ಸಾಯಿತು ಅಂತಾರೆ ಮನೆಯವರು.

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ ಅಕ್ಕ. ತಲೆಕೂದಲು ಒಣಗಿ ಹುಬ್ಬಿನ ಹೊರತುದಿಯೂ ತೆಳ್ಳಗಾದರೆ ನನಗೆ ಮೊದಲು ಹೊಳೆಯುವುದು ಥೈರಾಯಿಡ್ ಕಡಿಮೆ ಆಗಿದೆಯಾ ಅಂತ. ಬೇರೆಯವರು ಫ್ಯಾನ್ ಹಾಕಿಕೊಂಡಾಗ ನಿಮಗೆ ಚಳಿಯಾ? ಮಲಬದ್ಧತೆ, ತೂಕ, ಸುಸ್ತು, ದಪ್ಪಗಾದ ದನಿ? ಥೈರಾಯಿಡ್‌ಗೆ ಮಾಡುವ ಟಿಎಸ್‌ಎಚ್ ಅನ್ನೋ ರಕ್ತ ಪರೀಕ್ಷೆ ಒಂದರಿಂದಲೇ ಬಹುಪಾಲು ಗೊತ್ತಾಗುತ್ತದೆ. ಮಾತ್ರೆ ಕೊಟ್ಟರೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ನೀರಿನ ಜೊತೆ. ನಮ್ಮೂರಿನವರಿಗೆ ಎದ್ದ ತಕ್ಷಣ ಕಾಫಿ ಬೇಕೇ ಬೇಕು, ಆದರೆ ಮಾತ್ರೆ ತಗೊಂಡು ಅರ್ಧ ಮುಕ್ಕಾಲು ಗಂಟೆ ತಡೆಯಲೇಬೇಕು. ಮೈಗೆ ಮೊದಲು ಹುರುಪು ಬರುತ್ತದೆ, ಕೂದಲು ಆಮೇಲೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ 7 ವರ್ಷ. ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ಬೋಳಾಗಿದೆ. ಹುಳ ತಿಂದಿದೆ, ಗುಲಗಂಜಿ ತೇದು ಹಚ್ಚಿ ಅಂತಾರೆ. ನಂಜನಗೂಡಿನಲ್ಲಿ ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದಾ?

ಉತ್ತರ: ಅಮ್ಮಾ, ಗುಲಗಂಜಿ ಖಂಡಿತ ಬೇಡ. ಅದು ವಿಷ, ಮಗು ಇರುವ ಮನೆಯಲ್ಲಿ ತೇದು ಇಡುವ ವಸ್ತು ಅಲ್ಲವೇ ಅಲ್ಲ. ತಿಂದ ಹುಳವೂ ಯಾವುದೂ ಇಲ್ಲ. ಬೋಳಾದ ಜಾಗ ನುಣ್ಣಗಿದ್ದರೆ, ದೇಹ ಕಾಯುವ ಕಣಗಳೇ ತಪ್ಪಿ ಕೂದಲ ಬುಡದ ಮೇಲೆ ಬಿದ್ದಿವೆ ಅಂತ ಲೆಕ್ಕ. ಇದು ಅಂಟುರೋಗ ಅಲ್ಲ, ಸಣ್ಣ ಮಚ್ಚೆಯಾದರೆ ಎಷ್ಟೋ ಸಲ ಮತ್ತೆ ಬೆಳೆಯುತ್ತದೆ. ಹೊಟ್ಟು, ನವೆ, ಮುರಿದ ಕಪ್ಪು ಚುಕ್ಕಿಯಂಥ ಕೂದಲು ಇದ್ದರೆ ಅದು ಫಂಗಸ್. ಅದಕ್ಕೆ ಮುಲಾಮು ಸಾಲದು, ಕೆಲವು ವಾರ ಹೊಟ್ಟೆಗೆ ಔಷಧಿ ಬೇಕು. ಅಲ್ಲಿಯವರೆಗೆ ಅವನ ಬಾಚಣಿಗೆ, ಟವೆಲ್, ಟೋಪಿ ಬೇರೆ ಇಡಿ.

ಮುಡಿ ನಿಮ್ಮ ಭಕ್ತಿ, ಕೊಡಿ. ಬೋಳಿಸುವುದರಿಂದ ಬುಡ ಬದಲಾಗುವುದಿಲ್ಲ, ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತದೆ ಅಷ್ಟೇ. ಆದರೆ ಫಂಗಸ್ ಇದ್ದರೆ ಕತ್ತಿಯಿಂದ ಇನ್ನೊಂದು ಮಗುವಿಗೆ ಹರಡಬಹುದು, ಹಾಗಾಗಿ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಹೋಗುವ ತನಕ ವಾರಕ್ಕೊಮ್ಮೆ ಆ ಜಾಗದ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದಿಡಿ, ಬೆಳೆಯುತ್ತಿದೆಯೋ ಮುಚ್ಚುತ್ತಿದೆಯೋ ಅವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ.