ಅಮ್ಮನ ಚಪ್ಪಲಿ ಬಾಗಿಲಲ್ಲಿದೆಯಾ?

ನಿಮ್ಮ ಪತ್ರ ಹನ್ನೊಂದು ಪುಟ ಇದೆ. ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಲೆ ಮೇಲಿನ ಹಾಲು ಉಕ್ಕಿಹೋಯಿತು. ಆ ಲೆಕ್ಕ ನಿಮ್ಮ ಖಾತೆಗೆ.

ಉಳಿದ ಓದುಗರಿಗಾಗಿ ಸಂಗತಿ ಇಷ್ಟು. ಬರೆದವರಿಗೆ ಮೂವತ್ತಾರು ವರ್ಷ. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಜೊತೆಗೆ ಅಮ್ಮ. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಲೆಕ್ಕಪತ್ರದ ಕೆಲಸ. ಎಂಟು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು. ಊರಿನ ನೆಂಟರು ತಿಥಿ ಊಟ ಮುಗಿಸಿ ಬಸ್ ಹತ್ತಿದರು. ಆರು ತಿಂಗಳು ಅಕ್ಕಿ ಬೇಳೆ ತಂದುಕೊಟ್ಟವರು ಪಕ್ಕದ ಬೀದಿಯ ಕ್ರೈಸ್ತ ಸಭೆಯವರು. ಅಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ಆ ಸಭೆ ಸೇರಿದರು. ಹಾರ್ಡ್‌ವೇರ್ ಅಂಗಡಿಯ ಮಹಡಿ, ಶೀಟಿನ ಹಾಲ್. ಟಿವಿ ಬೇಡ, ಒಡವೆ ಬೇಡ, ಹೂವು ಕುಂಕುಮ ಬೇಡ, ಲೋಕದವರ ಮದುವೆ ಮುಂಜಿಗೆ ಹೋಗುವುದು ಬೇಡ. ಬೈಬಲಿನ ಒಂದೊಂದು ಅಕ್ಷರವೂ ಇದ್ದ ಹಾಗೇ ನಿಜ, ಅದರ ಅರ್ಥ ಮಾತ್ರ ಪಾಸ್ಟರ್ ಹೇಳಿದ್ದು. ಇವರು ಹದಿನೈದು ವರ್ಷ ಅಲ್ಲಿ ಕೀಬೋರ್ಡ್ ನುಡಿಸಿದ್ದಾರೆ. ಹೋದ ವರ್ಷದಿಂದ ಹೋಗುತ್ತಿಲ್ಲ. ಭಾನುವಾರ ಮೆಟ್ರೋ ಹತ್ತಿ ಲಾಲ್‌ಬಾಗಿಗೆ ಹೋಗಿ, ಬಂಡೆ ಮೇಲೆ ಒಂದು ಗಂಟೆ ಕೂತು, ಮನಸ್ಸಿನಲ್ಲೇ ಯೇಸುವಿನ ಜೊತೆ ಮಾತಾಡಿ ಬರುತ್ತಾರೆ. ಅಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಮಗಳ ಹೆಸರು ಹೇಳಿ ಅಳುತ್ತಾರೆ. ಈಗ ಪಾಸ್ಟರ್ ಹೇಳಿಕಳಿಸಿದ್ದಾರೆ: ಬಂದು ಸಭೆ ಮುಂದೆ ನಿಂತು ನಂಬಿಕೆಯಿಂದ ಹಿಂಜಾರಿದ್ದನ್ನು ಒಪ್ಪಿಕೊಳ್ಳಿ, ಇಲ್ಲವಾದರೆ ಯಾಕೆ ಬಿಟ್ಟಿರಿ ಅಂತ ಹೇಳಿ. ಹೋಗಿ ನಿಲ್ಲಬೇಕಾ, ನಿಂತರೆ ಏನು ಹೇಳಬೇಕು, ಇದು ಪ್ರಶ್ನೆ. ಹನ್ನೊಂದರಲ್ಲಿ ಆರು ಪುಟ, ಇವರು ಅಲ್ಲಿ ಓದಬೇಕೆಂದು ಬರೆದಿಟ್ಟುಕೊಂಡ ವಾದ. ಅಧ್ಯಾಯ, ವಾಕ್ಯದ ನಂಬರ್ ಸಮೇತ.

ಆ ಆರು ಪುಟ ಚೆನ್ನಾಗಿವೆ. ಬೀರುವಿನಲ್ಲಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂಬತ್ತನೇ ಪುಟದ ಕೊನೆ. "ಈಗಲೂ ಕೆಲಸದಿಂದ ಬಂದ ತಕ್ಷಣ ಬಾಗಿಲಲ್ಲಿ ಅಮ್ಮನ ಚಪ್ಪಲಿ ಇದೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಎದೆ ಡವಡವ ಅನ್ನುತ್ತೆ. ಎಲ್ಲರೂ ಎತ್ತಲ್ಪಟ್ಟರು, ನಾನೊಬ್ಬಳೇ ಉಳಿದೆ ಅನ್ಸುತ್ತೆ. ಹುಚ್ಚುತನ, ಬಿಡಿ." ಇಷ್ಟು ಬರೆದು ಮುಂದಿನ ಸಾಲಿನಲ್ಲಿ ದಶಮಾಂಶದ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲು ಸಭೆಗೆ ಕೊಡುವ ಲೆಕ್ಕಕ್ಕೆ ಹೋಗಿಬಿಟ್ಟಿದ್ದೀರಿ.

ನಾನು ಬಿಡುವುದಿಲ್ಲ.

ಇಂಥ ಸಭೆಗಳ ಪರಿಚಯ ಇಲ್ಲದವರಿಗೆ ಒಂದು ಮಾತು. ಯಾವುದೋ ಒಂದು ದಿನ, ಮುನ್ಸೂಚನೆ ಇಲ್ಲದೆ, ನಂಬಿದವರೆಲ್ಲ ಇದ್ದಕ್ಕಿದ್ದಂತೆ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಘೋರ ಕಾಲಕ್ಕೆ ಸಿಕ್ಕಿಬೀಳುತ್ತಾರೆ ಅನ್ನುವುದು ಅಲ್ಲಿನ ಬೋಧನೆ. ದೊಡ್ಡವರಿಗೆ ಅದು ಆಸೆ. ಸಂಡೇ ಸ್ಕೂಲಿನ ಮಕ್ಕಳಿಗೆ ಅದನ್ನು ಕಥೆ ಮಾಡಿ ಹೇಳುತ್ತಾರೆ: ಮಗು ಏಳುತ್ತದೆ, ಮನೆ ಖಾಲಿ, ಒಲೆ ಉರಿಯುತ್ತಿದೆ, ಅಮ್ಮ ಇಲ್ಲ.

ಈಗ ನಿಮ್ಮ ಎರಡನೇ ಪುಟಕ್ಕೆ ಬನ್ನಿ. ಅಮ್ಮ ನಿಮ್ಮನ್ನು ಹೇಗೆ ಸಾಕಿದರು ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಬೆಳಗಿನ ಜಾವ ಎದ್ದು, ಹೂವಿನವರ ಜೊತೆ ಲಗೇಜ್ ಆಟೋದಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ಬಿಡಿ ಹೂವು ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಿದ್ದರು. ನೀವು ಏಳುವ ಹೊತ್ತಿಗೆ ಅವರು ಮನೆಯಲ್ಲಿ ಇರುತ್ತಿರಲಿಲ್ಲ.

ಎರಡನೇ ಪುಟವನ್ನೂ ಒಂಬತ್ತನೇ ಪುಟವನ್ನೂ ನೀವು ಪಕ್ಕಪಕ್ಕ ಇಟ್ಟು ನೋಡಿಲ್ಲ. ನಾನು ಇಟ್ಟೆ. ಭಾನುವಾರ ಖಾಲಿ ಮನೆಯ ಕಥೆ ಕೇಳಿದ ಎಂಟು ವರ್ಷದ ಹುಡುಗಿ ಸೋಮವಾರ ಕತ್ತಲಲ್ಲಿ ಏಳುತ್ತಾಳೆ. ಪಕ್ಕದ ಚಾಪೆ ಖಾಲಿ. ಬಾಗಿಲಿಗೆ ಹೋಗಿ ಮುಟ್ಟಿ ನೋಡುತ್ತಾಳೆ. ಚಪ್ಪಲಿ ಇಲ್ಲ. ಎಷ್ಟು ವರ್ಷ ಹೀಗೆ ಎದ್ದಿರಿ? ಇದಕ್ಕೆ ಹುಚ್ಚುತನ ಅಂತ ಹೆಸರಿಟ್ಟವರು ಯಾರು?

ಯಾರು ಅಂತ ನಾಲ್ಕನೇ ಪುಟದಲ್ಲಿದೆ. "ಅಣ್ಣ ತುಂಬಾ ತಮಾಷೆಯವನು. ನಾನು ಏಳುವ ಹೊತ್ತಿಗೆ ಮಂಚದ ಕೆಳಗೆ ಅಡಗಿಕೊಂಡು, ನಾನು ಅತ್ತ ಮೇಲೆ ಈಚೆ ಬರುತ್ತಿದ್ದ." ಸರಿ, ಅವನೂ ಹುಡುಗ ಆಗ. ಆದರೆ ಈಗ ದುಬೈಯಲ್ಲಿ ಕೂತು ಬೆಳಗ್ಗೆ ಐದಕ್ಕೆ 'ಕೈಬಿಡಲ್ಪಟ್ಟವರ ಗತಿ' ಅಂತ ವಾಯ್ಸ್ ಮೆಸೇಜ್ ಕಳಿಸುವ ನಲವತ್ತೊಂದರ ಗಂಡಸು ಹುಡುಗನಲ್ಲ. ಅಲ್ಲಿ ಅವರು ಯಾವ ಸಭೆಗೂ ಹೋಗುವುದಿಲ್ಲ, ಶಿಫ್ಟ್ ಕಾರಣ ಅಂತ ನೀವೇ ಬರೆದಿದ್ದೀರಿ. ಅಮ್ಮನನ್ನು ನೋಡಿಕೊಳ್ಳುವುದು ನೀವು, ಬಾಡಿಗೆ ಕಟ್ಟುವುದು ನೀವು, ಬೆದರಿಸುವುದು ಅವರು. ಪಾಸ್ಟರ್ ಮೇಲೆ ನಿಮಗೆ ಆರು ಪುಟದಷ್ಟು ಸಿಟ್ಟಿದೆ. ನನಗೆ ಅದರಲ್ಲಿ ನಾಲ್ಕು ಪುಟ ನಿಮ್ಮ ಅಣ್ಣನ ವಿಳಾಸಕ್ಕೆ ಹೋಗಬೇಕಿತ್ತು ಅನ್ನಿಸಿತು. ತಪ್ಪಿಹೋದ ಮಗ ಮನೆಗೆ ಬರುವ, ಯೇಸು ಹೇಳಿದ ಸಾಮತಿ ಕಥೆ ನಿಮಗೆ ಬಾಯಿಪಾಠ ಇರಬೇಕು. ಅದರ ಕೊನೆಯಲ್ಲಿ ಅಂಗಳದಲ್ಲೇ ನಿಂತು ಒಳಗೆ ಬರಲ್ಲ ಅಂತ ಮುನಿದವನು ಯಾರು? ದೊಡ್ಡ ಮಗ.

ರಾತ್ರಿ ಒಂಬತ್ತರ ಮೇಲೆ ಬಂದ ಮೆಸೇಜಿಗೆ ಉತ್ತರ ಕೊಡಬೇಡಿ ಅಂತ ಈ ಅಂಕಣದಲ್ಲಿ ನೂರು ಸಲ ಹೇಳಿದ್ದೇನೆ. ಬೆಳಗ್ಗೆ ಏಳಕ್ಕೆ ಮೊದಲು ಬಂದಿದ್ದಕ್ಕೂ ಅದೇ ಕಾನೂನು.

ನಾನು ಕ್ರೈಸ್ತಳಲ್ಲ. ಹಾಗಾಗಿ ನನ್ನ ಜೊತೆ ಕೆಲಸ ಮಾಡಿ ರಿಟೈರ್ ಆದ ಗೆಳತಿಗೆ ಫೋನ್ ಮಾಡಿದೆ. ಹಡ್ಸನ್ ಸರ್ಕಲ್ಲಿನ ಕಲ್ಲಿನ ಚರ್ಚಿನಲ್ಲಿ ಕನ್ನಡ ಆರಾಧನೆಗೆ ಹೋಗುವವಳು, ಬೈಬಲ್ ಚೆನ್ನಾಗಿ ಓದಿಕೊಂಡವಳು. ಚಪ್ಪಲಿ ವಿಷಯ ಹೇಳಿದ ಕೂಡಲೇ, "ಅಯ್ಯೋ ಪಾಪ, ಡಾರ್ಬಿ ಕಾಟ" ಅಂದಳು. ಜಾನ್ ನೆಲ್ಸನ್ ಡಾರ್ಬಿ ಅಂತ ಒಬ್ಬ ಬೋಧಕ 1830ರ ದಶಕದಲ್ಲಿ ಬ್ರಿಟನ್ನು, ಐರ್ಲೆಂಡಿನ ಕಡೆ ಈ ಎತ್ತಲ್ಪಡುವ ಬೋಧನೆಗೆ ರೂಪ ಕೊಟ್ಟ. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಅನ್ನುವವರು ಟಿಪ್ಪಣಿ ಇರುವ ಬೈಬಲ್ ಹೊರತಂದರು, ಅದೇ ಪುಟಗಳ ಕೆಳಗೆ ಇದೂ ಸೇರಿತು. ಟಿಪ್ಪಣಿ ಯಾವುದು, ಮೂಲ ಯಾವುದು ಅಂತ ಓದುವವರಿಗೆ ಗೊತ್ತಾಗದ ಹಾಗೆ ಅದು ದೇಶ ದೇಶ ಸುತ್ತಿತು. ಯೇಸು ಮತ್ತೆ ಬರುತ್ತಾನೆ ಅಂತ ಕ್ಯಾಥೊಲಿಕರೂ ನಂಬುತ್ತಾರೆ, ನನ್ನ ಗೆಳತಿಯ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರೂ ನಂಬುತ್ತಾರೆ. ಮೊದಲು ಗುಟ್ಟಾಗಿ ಒಂದಷ್ಟು ಜನರನ್ನು ಎತ್ತಿಕೊಂಡು ಹೋಗುವ ಈ ಕಥೆ ಮಾತ್ರ ಅವರ ಬೋಧನೆಯಲ್ಲಿಲ್ಲ. ಪೂರ್ತಿ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾಗಿದ್ದು 1831ರಲ್ಲಿ. ಅಂದರೆ ಅದನ್ನು ಮೊದಮೊದಲು ಕನ್ನಡದಲ್ಲಿ ಓದಿದ ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಈ ಖಾಲಿ ಮನೆ ಗೊತ್ತೇ ಇದ್ದಿರಲಾರದು.

ಅವಳು ಇನ್ನೊಂದು ಹೇಳಿದಳು, ಅದು ನನಗೆ ಜಾಸ್ತಿ ಹಿಡಿಸಿತು. ನಿಮಗೆ ಹೆದರಿಸಲು ಬಳಸಿದ ಮಾತು ಬೈಬಲಿನಲ್ಲಿ, ಪೌಲ ಅನ್ನುವ ಮೊದಲ ಕಾಲದ ಬೋಧಕ ಥೆಸಲೋನಿಕ ಊರಿನವರಿಗೆ ಬರೆದ ಮೊದಲನೇ ಪತ್ರದ 4ನೇ ಅಧ್ಯಾಯ, 17ನೇ ವಾಕ್ಯ. ಮೇಘಗಳಲ್ಲಿ ಒಯ್ಯಲ್ಪಡುವ ಮಾತು ಅಲ್ಲಿದೆ. ಆದರೆ ಪೌಲ ಅದನ್ನು ಬರೆದದ್ದು ತಮ್ಮವರು ಸತ್ತುಹೋದರಲ್ಲಾ ಅಂತ ಅಳುತ್ತಿದ್ದವರಿಗೆ. ಸತ್ತವರನ್ನು ನೀವು ಕಳಕೊಂಡಿಲ್ಲ, ಎಲ್ಲರೂ ಒಟ್ಟಿಗೆ ಸೇರುತ್ತೀರಿ ಅಂತ. ಮುಂದಿನದು 18ನೇ ವಾಕ್ಯ: ಆದ್ದರಿಂದ ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ. ಅಪ್ಪ ಸತ್ತ ಎಂಟು ವರ್ಷದ ಹುಡುಗಿಗೆ ಹೇಳಬೇಕಿದ್ದ ಮಾತು ಅದೇ ಅಲ್ವಾ? ನಿಮಗೆ 17 ಕಲಿಸಿ 18 ಕಲಿಸದೆ ಬಿಟ್ಟರು.

ಇದನ್ನೆಲ್ಲ ಓದಿದ ಮೇಲೆ ಇವತ್ತು ಸಂಜೆಯೇ ಎದೆಬಡಿತ ನಿಲ್ಲುತ್ತದೆ ಅಂತ ತಿಳಿಯಬೇಡಿ. ನಮ್ಮಜ್ಜಿ ಮಡಿಬಟ್ಟೆ ಮುಟ್ಟಿದರೆ ರಾತ್ರಿ ಹಾವು ಬರುತ್ತೆ ಅಂದಿದ್ದರು. ನನಗೆ ಈಗ ಅರವತ್ತೆಂಟು, ಹಾವಿನ ಮಾತು ಯಾವತ್ತೋ ಬಿಟ್ಟೆ. ಈಗಲೂ ತಂತಿ ಮೇಲೆ ಒಣಗಿದ ಪಂಚೆ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ತಲೆ ಬಿಟ್ಟಿದ್ದನ್ನು ಮೈ ಬಿಡಲು ಹೊತ್ತು ಬೇಕು. ನಿದ್ದೆ ಕೆಡುವಷ್ಟು ಆದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಲಾಲ್‌ಬಾಗಿನ ಬಂಡೆ ಬಗ್ಗೆ "ಇದು ಪಾಪವಾ?" ಅಂತ ಕೇಳಿದ್ದೀರಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆ ಮಾಡು ಅಂದವನೇ ಯೇಸು. ಒಂದೇ ರೂಮಿನ ಮನೆಯಲ್ಲಿ ಬಾಗಿಲು ಎಲ್ಲಿದೆ? ನಿಮಗೆ ಸಿಕ್ಕಿದ್ದು ಬಂಡೆ. ಒಂದು ವಿಷಯ ಕೇಳಿ ನಗು ಬಂತು ನನಗೆ. ನಿಮ್ಮ ಪಾಸ್ಟರ್ ಭೂಮಿಗೆ ಆರು ಸಾವಿರ ವರ್ಷ ಅನ್ನುತ್ತಾರೆ. ಅದು 1650ರ ಸುಮಾರಿಗೆ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಬೈಬಲಿನ ವಂಶಾವಳಿ ಕೂಡಿ ಕಳೆದು ಕ್ರಿ.ಪೂ. 4004 ಅಂತ ತೆಗೆದ ಲೆಕ್ಕ. ನೀವು ಭಾನುವಾರ ಕೂರುವ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಭೂವಿಜ್ಞಾನ ಇಲಾಖೆಯ ಬೋರ್ಡೇ ಇದೆ ಅಲ್ಲಿ. ಗೊತ್ತಿದ್ದೇ ಅದನ್ನು ಆರಿಸಿದಿರಾ, ಇಲ್ಲ ಸುಮ್ನೆ ಗಾಳಿ ಚೆನ್ನಾಗಿದೆ ಅಂತ ಕೂತಿರಾ?

ಆಫೀಸಿನ ಗೆಳತಿ "ಕೊನೆಗೂ ಬುದ್ಧಿ ಬಂತು, ನಮ್ಮ ಗುರೂಜಿ ಶಿಬಿರಕ್ಕೆ ಬಾ" ಅಂದಳಂತೆ. ಬೇಡ ಅನ್ನಿ. ನೀವು ಸಭೆ ಬಿಟ್ಟಿದ್ದೀರಿ, ಯೇಸುವನ್ನು ಬಿಟ್ಟಿಲ್ಲ ಅಂತ ಪತ್ರದಲ್ಲೇ ಸ್ಪಷ್ಟವಾಗಿದೆ. ಈ ಅಂಕಣ ಓದಿ "ಒಳ್ಳೇದಾಯ್ತು, ನಮ್ಮ ಕಡೆ ಬಂದಳು" ಅಂತ ನನಗೆ ಕಾಗದ ಬರೆಯಲು ಹೊರಟವರೂ ಪೆನ್ನು ಕೆಳಗಿಡಿ. ಒಂದು ಹಾಜರಿ ಪುಸ್ತಕದಿಂದ ಎದ್ದ ಹೆಂಗಸು ಇನ್ನೊಂದರಲ್ಲಿ ಸಹಿ ಹಾಕಬೇಕು ಅಂತ ಏನಿದೆ?

ಇನ್ನು ಅಮ್ಮ. "ಅಮ್ಮನಿಗೆ ಇದೆಲ್ಲ ಅರ್ಥವಾಗಲ್ಲ" ಅಂತ ಮೂರು ಕಡೆ ಬರೆದಿದ್ದೀರಿ. ಮೂರು ಸಲವೂ ನನಗೆ ಸಿಟ್ಟು ಬಂತು. ಹೂ ಮುಡಿಯಬಾರದು ಅಂದಾಗ ಮುಡಿಯುವುದು ಬಿಟ್ಟರು. ದೇವಸ್ಥಾನಕ್ಕೆ ಹೋಗುವ ಹೂವನ್ನು ಕಟ್ಟಬಾರದು ಅಂದಾಗ ಏನು ಮಾಡಿದರು? ನೀವೇ ಬರೆದಿದ್ದೀರಿ: "ಅಮ್ಮ ಹೂಂ ಅಂದು ಮಾರನೇ ದಿನವೂ ಮಾರ್ಕೆಟ್ಟಿಗೆ ಹೋದರು." ಆಮೇಲೂ ಇಪ್ಪತ್ತು ವರ್ಷ ಕಟ್ಟಿದರು. ಯಾರ ಮುಂದೆಯೂ ನಿಂತು ಕಾರಣ ಓದಲಿಲ್ಲ. ನಿಮಗಿಂತ ಮೊದಲೇ ಸಭೆಗೂ ತಮ್ಮ ದೇವರಿಗೂ ನಡುವೆ ಒಂದು ಗೇಣು ಜಾಗ ಮಾಡಿಕೊಂಡ ಹೆಂಗಸು ಅವರು. "ನಾನು ಸತ್ತರೆ ಮಣ್ಣು ಮಾಡೋರು ಯಾರು?" ಅಂತ ಅವರು ಕೇಳುವುದನ್ನು ಬ್ಲ್ಯಾಕ್‌ಮೇಲ್ ಅಂದಿದ್ದೀರಿ. ಗಂಡನ ಹೆಣದ ಮುಂದೆ ನೆಂಟರು ಬಸ್ ಟೈಮ್ ನೋಡಿದ್ದನ್ನು ಕಂಡವರ ಪ್ರಶ್ನೆ ಅದು. ಸಭೆಯಿಂದ ಹೊರಗೆ ಬಂದಿದ್ದು ನೀವು, ಅವರಲ್ಲ, ಅವರ ಜಾಗ ಅಲ್ಲೇ ಇದೆ ಅಂತ ಬಿಡಿಸಿ ಹೇಳಿ. ಭಾನುವಾರ ಅವರನ್ನು ಹಾಲ್‌ನ ಮೆಟ್ಟಿಲವರೆಗೆ ಬಿಟ್ಟು ಆಮೇಲೆ ಮೆಟ್ರೋ ಹತ್ತಿ.

ಈಗ ಪ್ರಶ್ನೆಗೆ ಉತ್ತರ. ಹೋಗಿ ನಿಲ್ಲಬೇಡಿ. ಬಿಟ್ಟು ಹೊರಡುವವರು ಭಾಷಣ ಮಾಡಿ ಹೊರಡಬೇಕಿಲ್ಲ ಅನ್ನುವುದು ನನ್ನ ಹಳೇ ರಾಗ. ನಿಂತರೆ ನೀವು ಓದುವುದು ಆರು ಪುಟ, ಅವರ ಹತ್ತಿರ ಇರುವುದು ಬೈಬಲಿನ ಅರವತ್ತಾರು ಪುಸ್ತಕ. ಪಾಸ್ಟರಿಗೆ ಒಂದು ಸಾಲು ಸಾಕು: "ನಾನು ಬರುವುದಿಲ್ಲ, ಅಮ್ಮ ಬರುತ್ತಾರೆ, ಕೀಬೋರ್ಡಿಗೆ ಬೇರೆಯವರನ್ನು ನೋಡಿಕೊಳ್ಳಿ." ಕೀಬೋರ್ಡಿನ ಮಾತು ಮರೆಯಬೇಡಿ. ಅವರ ಅರ್ಧ ತಲೆನೋವು ಅದೇ ಅಂತ ನನ್ನ ಗುಮಾನಿ.

ಮಾಡಬೇಕಾದ ಕೆಲಸ ಒಂದೇ. ಶನಿವಾರ ಸಂಜೆ ಅಮ್ಮ ಈಗಲೂ ನಾಲ್ಕು ಮನೆಗೆ ಹೂ ಕಟ್ಟಿಕೊಡುತ್ತಾರೆ ಅಂದಿರಲ್ಲ, ಈ ಶನಿವಾರ ಪಕ್ಕದಲ್ಲಿ ಕೂತು ಬಾಳೆನಾರು ಸೀಳಿಕೊಡಿ. ಡಾರ್ಬಿ ಬೇಡ, ಪಾಸ್ಟರ್ ಬೇಡ, 18ನೇ ವಾಕ್ಯವೂ ಸದ್ಯಕ್ಕೆ ಬೇಡ. "ಅಮ್ಮಾ, ಚಿಕ್ಕವಳಿದ್ದಾಗ ನೀನು ಮಾರ್ಕೆಟ್ಟಿಗೆ ಹೋದ ಮೇಲೆ ನಾನು ಎದ್ದು ಕತ್ತಲಲ್ಲಿ ನಿನ್ನ ಚಪ್ಪಲಿ ಹುಡುಕುತ್ತಿದ್ದೆ. ಈಗಲೂ ನೋಡುತ್ತೇನೆ." ಇಷ್ಟು ಹೇಳಿ ಸುಮ್ನಿರಿ. ಇಪ್ಪತ್ತೆಂಟು ವರ್ಷವಾದರೂ ಆ ತಾಯಿಗೆ ಇದು ಗೊತ್ತಿಲ್ಲ. ಅವರು ಅಳಬಹುದು. ಬಾ ಪ್ರಾರ್ಥನೆ ಮಾಡೋಣ ಅನ್ನಬಹುದು. ಅಂದರೆ ನೀವೂ ಕಣ್ಣು ಮುಚ್ಚಿ, ಏನೂ ನಷ್ಟ ಇಲ್ಲ.

ಇನ್ನು ಮೇಲೆ ಹೊರಗೆ ಹೋಗುವಾಗ ನನಗೆ ತಿಳಿಸಿ ಹೋಗು ಅಂತಲೂ ಕೇಳಿ. ಅವರಿಗೆ ಮೆಸೇಜ್ ಬರೆಯಲು ಬರಲ್ಲ ಅಂದಿದ್ದೀರಿ. ಮಿಸ್ಡ್ ಕಾಲ್ ಸಾಕು.