ಕೊಡಗಿನ ಸಣ್ಣ ತೋಟಕ್ಕೆ ಹಳೆ ಟ್ರ್ಯಾಕ್ಟರ್ ತಗೊಳ್ಳಬಹುದಾ?

ನಾಲ್ಕು ಎಕರೆ ಕಾಫಿ, ಒಂದು ಎಕರೆ ಗದ್ದೆ ಇದೆ, ಹೊಸದಕ್ಕೆ ದುಡ್ಡಿಲ್ಲ, ಹಳೆ 25 ಎಚ್‌ಪಿ ಗಾಡಿ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು. ಅಪ್ಪ ಸೆಕೆಂಡ್ ಹ್ಯಾಂಡ್ ತಂದ ಐಷರ್ 241 ನಮ್ಮಲ್ಲಿ ಇನ್ನೂ ಓಡುತ್ತಿದೆ. ತಗೊಳ್ಳಿ. ಆದರೆ ಮೊದಲು ನಿಮ್ಮ ತೋಟದ ಇಳಿಜಾರು ನೋಡಿಕೊಳ್ಳಿ, ಗಾಡಿ ಆಮೇಲೆ.

ನಮ್ಮದು ಒಂದೇ ಸಿಲಿಂಡರಿನ ಏರ್ ಕೂಲ್ಡ್ ಎಂಜಿನ್. ರೇಡಿಯೇಟರೇ ಇಲ್ಲ, ನೀರು ಸೋರುವ ಕಾಟವೂ ಇಲ್ಲ. ಅರ್ಧ ದಿನ ಓಡಿಸಿದರೆ ಸೊಂಟ ಅಲ್ಲಾಡಿಹೋಗುತ್ತದೆ, ಅದು ಬೇರೆ ಮಾತು. ಹೋದ ವರ್ಷ ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತು ಅಕ್ಟೋಬರಿನಲ್ಲಿ ಸ್ಟಾರ್ಟ್ ಆಗಲಿಲ್ಲ. ಏರ್ ಲಾಕ್ ಅಷ್ಟೇ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಹೋದೆ, ಮೊದಲು ಬುಳುಬುಳು ನೊರೆ ಬಂತು, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಹೊಡೆದೆ, ಟುಕ್ ಟುಕ್ ಅಂತ ಎದ್ದೇಬಿಟ್ಟಿತು. ಮೆಕ್ಯಾನಿಕ್ ಕರೆಯುವ ಮಾತೇ ಬರಲಿಲ್ಲ.

ಸ್ಪೇರ್ ಸಿಗುತ್ತಾ ಅಂತ ನೋಡಿಯೇ ಕಂಪನಿ ಆರಿಸಿ. ಐಷರ್ ಟ್ರ್ಯಾಕ್ಟರನ್ನು 2005ರಲ್ಲಿ ಚೆನ್ನೈನ ಟಾಫೆ ಕೊಂಡುಕೊಂಡಿತು, ಹಾಗಾಗಿ ಸಾಮಾನು ಬರುತ್ತಲೇ ಇದೆ. ಎಚ್‌ಎಂಟಿ ಗಟ್ಟಿ ಗಾಡಿ, ಸುಳ್ಳಲ್ಲ, ಆದರೆ ಹರಿಯಾಣದ ಪಿಂಜೋರ್‌ನಲ್ಲಿದ್ದ ಅವರ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಯ್ತು.

ಕಾಫಿ ಸಾಲಿನೊಳಗೆ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಅರೇಬಿಕಾ ಆರಡಿಗೆ ಆರಡಿ ನೆಟ್ಟಿದ್ದರೆ ಇದು ನುಗ್ಗುವುದೇ ಇಲ್ಲ. ತೋಟದ ದಾರಿಯಲ್ಲಿ ನಿಲ್ಲಿಸಿ, ಪಿಟಿಒಗೆ (ಎಂಜಿನ್ ಶಕ್ತಿಯಿಂದ ತಿರುಗುವ ಹಿಂದಿನ ಶಾಫ್ಟ್) ಪಂಪ್ ಕಟ್ಟಿ, ಪೈಪ್ ಎಳೆದು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬಹುದು. ಗದ್ದೆಯಲ್ಲಿ ಇನ್ನೊಂದು ಕಿರಿಕಿರಿ. ಸಿಂಗಲ್ ಕ್ಲಚ್ ಆದರೆ ಗೇರ್ ಬದಲಿಸಲು ಕ್ಲಚ್ ಒತ್ತಿದಾಗೆಲ್ಲ ಪಿಟಿಒದಿಂದ ತಿರುಗಿ ಮಣ್ಣು ಹುಡಿ ಮಾಡುವ ರೋಟವೇಟರ್ ಕೂಡ ನಿಲ್ಲುತ್ತದೆ.

ನಿಜವಾದ ಭಯ ಬ್ರೇಕಿನದು. ಎಡ ಹಿಂಚಕ್ರಕ್ಕೊಂದು, ಬಲ ಹಿಂಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದಲ್ವಾ, ರಸ್ತೆಗೆ ಇಳಿಯುವಾಗ ಎರಡನ್ನೂ ಜೋಡಿಸಲು ಒಂದು ಚಿಲಕ ಇದೆ. ಗದ್ದೆ ಕೆಲಸಕ್ಕೆ ಬಿಚ್ಚಿದ್ದನ್ನು ಹಾಕಲು ನಾನು ಒಮ್ಮೆ ಮರೆತೆ. ಟ್ರೈಲರ್ ತುಂಬ ಕಾಫಿ ಹಣ್ಣು, ಬೆಳಗಿನ ಇಬ್ಬನಿಗೆ ಒದ್ದೆಯಾದ ಮಣ್ಣು. ತಿರುವಿನಲ್ಲಿ ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದು ಬಲಗಡೆ ಪೆಡಲ್ ಮಾತ್ರ. ಹಿಂದಿನಿಂದ ಟ್ರೈಲರ್ ತಳ್ಳಿತು, ಗಾಡಿ ಗಿರ್ರನೆ ತಿರುಗಿ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಮರ ಇಲ್ಲದಿದ್ದರೆ ಕೆಳಗಿನ ತೋಡಿನಲ್ಲಿ ಇರುತ್ತಿದ್ದೆ. ಮಗುಚಿದರೆ ತಲೆ ಉಳಿಸುವ ಕಬ್ಬಿಣದ ಚೌಕಟ್ಟು ಈ ಗಾಡಿಗಳಿಗೆ ಇರುವುದಿಲ್ಲ. ಈಗ ಕಡಿದಾದ ಕಡೆಯಿಂದ ಹಣ್ಣು ತರಲು ಬಾಡಿಗೆ ಜೀಪೇ. ಟ್ರ್ಯಾಕ್ಟರ್ ಗದ್ದೆಗೆ, ಕಣಕ್ಕೆ, ಸಪಾಟು ದಾರಿಗೆ ಮಾತ್ರ.

ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಇದ್ದ ಬ್ಯಾಂಕ್ ಸಾಲದ ನಮೂದನ್ನು ತೆಗೆಸಿಹಾಕಿದ್ದಾರಾ ನೋಡಿ. ಮಾರುವವರು ಸುಮ್ನೆ ಕಣದಲ್ಲಿ ಒಂದು ಸುತ್ತು ಹೊಡೆದು ತೋರಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಖಾಲಿ ಟ್ರೈಲರ್ ಕಟ್ಟಿಸಿ, ಚಿಕ್ಕ ಇಳಿಜಾರಿನಲ್ಲಿ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಇಳಿಸಿ ಬ್ರೇಕ್ ಹಿಡಿಯಿರಿ. ಒಂದು ಕಡೆಗೆ ಎಳೆದರೆ ಬ್ರೇಕ್ ರಿಪೇರಿ ಖರ್ಚನ್ನು ಅಲ್ಲೇ ರೇಟಿನಲ್ಲಿ ಇಳಿಸಿ.