ವೈದ್ಯರ ಚೀಟಿ ಇಲ್ಲದೆ ಗರ್ಭನಿರೋಧಕ ಮಾತ್ರೆ ಕೊಳ್ಳುವುದು ಸುರಕ್ಷಿತವೇ?

ಇದು ಯಾವ ಮಾತ್ರೆ ಎಂಬುದನ್ನು ಅವಲಂಬಿಸಿದೆ. ದಿನವೂ ನುಂಗುವ ಮಾತ್ರೆಗಳಲ್ಲಿ ಎರಡು ಬಗೆ: ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನು ಇರುವುದು, ಪ್ರೊಜೆಸ್ಟಿನ್ ಮಾತ್ರ ಇರುವುದು. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುವುದರಿಂದ, ಅಧಿಕ ರಕ್ತದೊತ್ತಡ ಇರುವವರು, 35 ವರ್ಷ ದಾಟಿಯೂ ಧೂಮಪಾನ ಮಾಡುವವರು, ಕಣ್ಣ ಮುಂದೆ ಮಿಂಚು ಹೊಳೆದಂತಾಗಿ ಆಮೇಲೆ ಅರೆತಲೆನೋವು ಶುರುವಾಗುವವರು ಮೊದಲನೆಯ ಬಗೆಯನ್ನು ತಾವಾಗಿಯೇ ಆರಂಭಿಸಬಾರದು. ಎರಡನೆಯ ಬಗೆಯಲ್ಲಿ ಈಸ್ಟ್ರೋಜನ್‌ನ ಈ ತೊಡಕು ಇಲ್ಲ. ಆದ್ದರಿಂದಲೇ 2021ರಲ್ಲಿ ಬ್ರಿಟನ್ ಡೆಸೊಜೆಸ್ಟ್ರೆಲ್ ಮಾತ್ರೆಯನ್ನು ಫಾರ್ಮಸಿಸ್ಟರ ಸಲಹೆಯ ಮೇಲೆ, 2023ರ ಜುಲೈನಲ್ಲಿ ಅಮೆರಿಕ ನಾರ್ಜೆಸ್ಟ್ರೆಲ್ ಮಾತ್ರೆಯನ್ನು ನೇರವಾಗಿ, ಚೀಟಿಯಿಲ್ಲದೆ ಮಾರಲು ಒಪ್ಪಿಗೆ ನೀಡಿದವು.

ಚೀಟಿ ಬೇಡವೆಂದ ಮಾತ್ರಕ್ಕೆ ಎಚ್ಚರಿಕೆ ಬೇಡವೆಂದಲ್ಲ. ನಾರ್ಜೆಸ್ಟ್ರೆಲ್ ಅನ್ನು ಪ್ರತಿದಿನ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ರಾತ್ರಿ 9ಕ್ಕೆ ನುಂಗುವವರು ನಡುರಾತ್ರಿ 12 ದಾಟಿಸಿದರೆ, ಅಂದರೆ ಮೂರು ಗಂಟೆಗಿಂತ ಹೆಚ್ಚು ತಡವಾದರೆ, ನೆನಪಾದ ಕೂಡಲೇ ನುಂಗಿ, ಮುಂದಿನ 48 ಗಂಟೆ ಕಾಂಡೋಮ್ ಕೂಡ ಬಳಸಬೇಕು. ಸ್ತನ ಕ್ಯಾನ್ಸರ್ ಬಂದಿರುವವರಿಗೆ ಇದು ಸಲ್ಲದು. ಕ್ಷಯರೋಗಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಇದನ್ನು ಔಷಧದಂಗಡಿಯಲ್ಲಿ ತಪ್ಪದೆ ಹೇಳಿ.

ವೈದ್ಯರಲ್ಲಿಗೆ ಹೋಗಲು ಬಿಡುವಾಗಲಿ ಹಣವಾಗಲಿ ಇಲ್ಲದೆ, ಇಲ್ಲವೇ ಮನೆಯವರೆದುರು ಬಾಯಿಬಿಡಲಾಗದೆ ಮಾತ್ರೆಯ ಆಸೆಯನ್ನೇ ಕೈಬಿಡುವ ಹೆಣ್ಣುಮಕ್ಕಳನ್ನು ನೆನೆದರೆ, ಪ್ರೊಜೆಸ್ಟಿನ್ ಮಾತ್ರೆಯನ್ನು ಚೀಟಿಗೆ ಕಟ್ಟಿಹಾಕುವುದು ನ್ಯಾಯವಲ್ಲವೆಂದೇ ನನಗೆ ಅನ್ನಿಸುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯವೊಂದನ್ನೇ ನೋಡಿದರೂ, ಅದು ಯಾವುದೇ ಬಗೆಯ ಮಾತ್ರೆಗಿಂತ ಗರ್ಭಾವಸ್ಥೆಯಲ್ಲಿಯೇ ಹೆಚ್ಚು.